ಕೆಲಸ ಮುಗಿಸಿ ತಾನೇ ಹೊರಡುವ ಆಮ್ಲ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ಕಳೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಮೂರು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರಾಸಾಯನಿಕ ಕಾರ್ಖಾನೆಯ ಮುಂದೆ ಹಾದುಹೋಗುವಾಗ ಮೊದಲು ಕಣ್ಣಿಗೆ ಬೀಳುವುದು ಎತ್ತರದ ಗೋಪುರಗಳು. ಅಲ್ಲಿ ಏನೋ ಹೊಸ ವಸ್ತು ತಯಾರಾಗುತ್ತಿದೆ ಎಂದುಕೊಳ್ಳುತ್ತೇವೆ. ನಿಜವಾಗಿ ವಸ್ತು ತಯಾರಾಗುವ ಪಾತ್ರೆ ಎಷ್ಟೋ ಕಡೆ ಚಿಕ್ಕದಾಗಿ ಒಂದು ಮೂಲೆಯಲ್ಲಿರುತ್ತದೆ. ಆ ಗೋಪುರಗಳೆಲ್ಲ ಇರುವುದು ತಯಾರಾದದ್ದನ್ನು ಮಿಕ್ಕಿದ್ದರಿಂದ ಬಿಡಿಸಿಕೊಳ್ಳಲು. ಜಾರ್ಜಿಯಾ ಟೆಕ್ ಸಂಸ್ಥೆಯ ಡೇವಿಡ್ ಶಾಲ್ ಮತ್ತು ರಯಾನ್ ಲೈವ್ಲಿ 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಬಾಬತ್ತಿನ ಲೆಕ್ಕ ಕೊಟ್ಟಿದ್ದರು. ಅಮೆರಿಕದ ಕೈಗಾರಿಕೆಗಳು ಉರಿಸುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಹೋಗುವುದು ಬೇರ್ಪಡಿಸುವ ಕೆಲಸಕ್ಕೆ. ಅದರಲ್ಲೂ ಸುಮಾರು ಅರ್ಧ ಬರೀ ಬಟ್ಟಿ ಇಳಿಸುವುದಕ್ಕೆ, ಅಂದರೆ ಕಾಯಿಸಿ ಆವಿ ಮಾಡಿ ಮತ್ತೆ ತಣಿಸುವುದಕ್ಕೆ.

ನಮಗೆ ಗೊತ್ತಿರುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಿಂದ ತೌಡು ಹೊರಬರುತ್ತದೆ. ಅದರಲ್ಲಿ ಶೇ 15ರಿಂದ 20ರಷ್ಟು ಎಣ್ಣೆ ಇದ್ದರೂ ಶೇಂಗಾ, ಕೊಬ್ಬರಿಯ ಹಾಗೆ ಗಾಣಕ್ಕೆ ಹಾಕಿ ಹಿಂಡಿದರೆ ಗಿಟ್ಟುವುದಿಲ್ಲ. ಅದಕ್ಕೇ ಸಾಲ್ವೆಂಟ್ ಕಾರ್ಖಾನೆಗಳಲ್ಲಿ ತೌಡಿನ ಮೇಲೆ ಹೆಕ್ಸೇನ್ ಹಾಯಿಸುತ್ತಾರೆ. ಎಣ್ಣೆ ಹೆಕ್ಸೇನಿನಲ್ಲಿ ಕರಗಿ ಇಳಿದು ಬರುತ್ತದೆ. ಇಲ್ಲಿಯವರೆಗಿನ ಕೆಲಸ ಸುಲಭ. ಇನ್ನು ಹೆಕ್ಸೇನನ್ನು ಎಣ್ಣೆಯಿಂದಲೂ ತೆಗೆಯಬೇಕು, ಎಣ್ಣೆ ಬಿಟ್ಟ ಹಿಂಡಿಯಿಂದಲೂ ತೆಗೆಯಬೇಕು. ಹೆಕ್ಸೇನ್ ಸುಮಾರು 69 ಡಿಗ್ರಿಗೆ ಕುದಿಯುತ್ತದೆ; ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ; ಅದರ ಆವಿಯನ್ನು ಬಹುಕಾಲ ಉಸಿರಾಡಿದವರ ನರಗಳಿಗೆ ಹಾನಿಯಾಗುತ್ತದೆ.

ಎಲ್ಲ ದ್ರಾವಕಗಳಿಗೂ ಇರುವ ಇಕ್ಕಟ್ಟು ಇದೇ. ಎಣ್ಣೆಯನ್ನು ಕರಗಿಸಿಕೊಳ್ಳುವಾಗ ದ್ರಾವಕಕ್ಕೆ ಎಣ್ಣೆಯ ಮೇಲೆ ಒಲವಿರಬೇಕು, ಬಿಟ್ಟು ಹೊರಡುವಾಗ ಅದೇ ಒಲವು ಇರಬಾರದು. ಒಂದೇ ದ್ರವಕ್ಕೆ ಎರಡು ಸ್ವಭಾವ ಎಲ್ಲಿಂದ ಬರಬೇಕು? ಬಾರದೆ ಇರುವುದರಿಂದಲೇ ಶಾಖ ಕೊಟ್ಟು ಓಡಿಸುತ್ತೇವೆ. ನಾನು ಇವತ್ತು ಹೇಳಹೊರಟಿರುವುದು ಬೇಕಾದಾಗ ಸ್ವಭಾವ ಬದಲಿಸುವ ದ್ರಾವಕಗಳ ಬಗ್ಗೆ. ಬದಲಿಸುವ ಗುಂಡಿ ಇಂಗಾಲದ ಡೈಆಕ್ಸೈಡ್.

ವೇದಿಕೆಯ ಮೇಲೆ ಮೊದಲು ಒಂದು ಸಣ್ಣ ಪ್ರಯೋಗ ತೋರಿಸಿದೆ. ಬರಹದಲ್ಲಿ ಅದನ್ನು ಹೇಳಿಯೇ ತೀರಬೇಕು, ಯಾಕೆಂದರೆ ಮುಂದಿನ ಎಲ್ಲ ರಸಾಯನಶಾಸ್ತ್ರವೂ ಅದರ ನೆಂಟಸ್ತಿಕೆಯದೇ. ಎಲೆಯಡಿಕೆಗೆ ಬಳಸುವ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಂಡು, ಅಷ್ಟೇ ನೀರು ಬೆರೆಸಿ ತೆಳುವು ಮಾಡಿದ್ದೆ. ಗಾಜಿನ ಲೋಟದಲ್ಲಿ ಅದು ಬರೀ ನೀರಿನಂತೆಯೇ ಕಾಣುತ್ತದೆ. ಸ್ಟ್ರಾ ಹಾಕಿ ಊದಿದರೆ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ತಾಗಿ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಇಷ್ಟನ್ನು ಶಾಲೆಯಲ್ಲಿ ಎಲ್ಲರೂ ನೋಡಿರುತ್ತೀರಿ. ಶಾಲೆಯಲ್ಲಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಾನು ಅದಕ್ಕೆ ಆಗಷ್ಟೇ ಒಡೆದ ಸೋಡಾ ಸುರಿಯುತ್ತಾ ಹೋದೆ. ಬಿಳುಪು ತೆಳುವಾಗುತ್ತಾ ಬಂದು ಲೋಟ ಮತ್ತೆ ತಿಳಿಯಾಯಿತು. ಕರಗದೆ ನಿಂತಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಇನ್ನಷ್ಟು ಇಂಗಾಲದ ಡೈಆಕ್ಸೈಡ್ ಸಿಕ್ಕಾಗ ಕರಗುವ ಬೈಕಾರ್ಬೊನೇಟ್ ಆಯಿತು. ಆ ತಿಳಿಯನ್ನು ಪುಟ್ಟ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟೆ. ಕುದಿ ಹತ್ತುವ ಹೊತ್ತಿಗೆ ಅನಿಲ ಗುಳ್ಳೆಗುಳ್ಳೆಯಾಗಿ ಹೊರಟುಹೋಗಿ ನೀರು ಮತ್ತೆ ಬೆಳ್ಳಗಾಯಿತು. ಕೊಳವೆಬಾವಿಯ ಗಡಸು ನೀರು ಕಾಯಿಸುವ ಮನೆಗಳಲ್ಲಿ ಹಂಡೆಯ ತಳಕ್ಕೂ ಗೀಸರಿನ ಕಾಯಿಲ್‌ಗೂ ಕಟ್ಟುವ ಬಿಳಿ ಪದರ ಹುಟ್ಟುವುದು ಇದೇ ದಾರಿಯಲ್ಲಿ.

ಇಲ್ಲಿ ನಡೆದದ್ದನ್ನು ಗಮನಿಸಿ. ಅನಿಲ ಬಂದಾಗ ಕರಗಿತು, ಅನಿಲ ಹೋದಾಗ ಬೇರೆಯಾಯಿತು. ಅನಿಲ ತನ್ನ ಹಿಂದೆ ಏನನ್ನೂ ಬಿಟ್ಟು ಹೋಗಲಿಲ್ಲ.

ಇದು ಯಾಕೆ ಅಷ್ಟು ಮುಖ್ಯ ಎಂದು ಕೇಳಬಹುದು. ಆಮ್ಲ ಹಾಕಿ ಸ್ವಭಾವ ಬದಲಿಸುವುದು ರಸಾಯನಜ್ಞರಿಗೆ ಹೊಸದೇನಲ್ಲ. ಅಮೀನ್ ಎಂಬ ವರ್ಗದ ಪ್ರತ್ಯಾಮ್ಲಗಳಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಅವು ಲವಣವಾಗಿ ನೀರಿಗೆ ಇಳಿಯುತ್ತವೆ. ವಾಪಸ್ ಬೇಕೆಂದರೆ ಕಾಸ್ಟಿಕ್ ಸೋಡಾ ಹಾಕಬೇಕು. ಆಗ ಅಮೀನ್ ಮರಳಿ ಬರುತ್ತದೆ, ಜೊತೆಗೆ ಅಡುಗೆ ಉಪ್ಪು ಹುಟ್ಟುತ್ತದೆ. ಮುಂದಿನ ಸುತ್ತಿಗೆ ಇನ್ನಷ್ಟು ಆಮ್ಲ, ಇನ್ನಷ್ಟು ಕಾಸ್ಟಿಕ್, ಇನ್ನಷ್ಟು ಉಪ್ಪು. ನೂರು ಸುತ್ತು ನಡೆಸಿದರೆ ಕೈಯಲ್ಲಿ ಉಳಿಯುವುದು ಉಪ್ಪುನೀರಿನ ಕೆರೆ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದಾಗ ಆಮ್ಲವಾಗಿ ಕೆಲಸ ಮಾಡುತ್ತದೆ, ಕೆಲಸ ಮುಗಿದ ಮೇಲೆ ಅನಿಲವಾಗಿ ಎದ್ದು ಹೋಗುತ್ತದೆ. ಬಂದ ದಾರಿಯಲ್ಲೇ ಹಿಂದಿರುಗುವ ಇಂಥ ಇನ್ನೊಂದು ಅಗ್ಗದ, ಬೆಂಕಿ ಹತ್ತದ ಆಮ್ಲ ನನಗೆ ಗೊತ್ತಿಲ್ಲ. ಈ ಸರಳತೆಯೇ ನನ್ನನ್ನು ಈ ವಿಷಯಕ್ಕೆ ಎಳೆದದ್ದು.

ದ್ರಾವಕಗಳ ಕಥೆ ಕೆನಡಾದ ಒಂಟಾರಿಯೊ ಪ್ರಾಂತದ ಕಿಂಗ್‌ಸ್ಟನ್ ಊರಿನದು. ಅಲ್ಲಿನ ಕ್ವೀನ್ಸ್ ವಿಶ್ವವಿದ್ಯಾಲಯದ ಫಿಲಿಪ್ ಜೆಸಪ್ ಅದಕ್ಕೂ ಮೊದಲು ಜಪಾನಿನಲ್ಲಿ ರ್‍ಯೋಜಿ ನೊಯೊರಿ ಅವರ ಜೊತೆ ಒತ್ತಡಕ್ಕೆ ಸಿಲುಕಿಸಿದ ಇಂಗಾಲದ ಡೈಆಕ್ಸೈಡನ್ನೇ ದ್ರಾವಕವಾಗಿ ಬಳಸುವ ಕೆಲಸ ಮಾಡಿದ್ದವರು. 2005ರಲ್ಲಿ ಅವರು, ಅವರ ಜೊತೆಗಿದ್ದ ಡೇವಿಡ್ ಹೆಲ್ಡೆಬ್ರ್ಯಾಂಟ್, ಜಾರ್ಜಿಯಾ ಟೆಕ್‌ನ ಚಾರ್ಲ್ಸ್ ಎಕರ್ಟ್ ಮತ್ತು ಚಾರ್ಲ್ಸ್ ಲಿಯೊಟ್ಟಾ ಮುಂತಾದವರು ಸೇರಿ 'ನೇಚರ್'ನಲ್ಲಿ ಒಂದು ಚಿಕ್ಕ ಬರಹ ಪ್ರಕಟಿಸಿದರು. ಡಿಬಿಯು ಎಂಬ ಬಲವಾದ ಪ್ರತ್ಯಾಮ್ಲ, ಹೆಕ್ಸನಾಲ್ ಎಂಬ ಆಲ್ಕೊಹಾಲ್, ಇವೆರಡರ ಮಿಶ್ರಣ. ಸಾಮಾನ್ಯ ಒತ್ತಡದಲ್ಲೇ ಅದಕ್ಕೆ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಇಡೀ ದ್ರವ ಅಯಾನುಗಳಾಗಿ ಬದಲಾಗುತ್ತದೆ. ಅದು ಲವಣವೇ, ಆದರೆ ಕೋಣೆಯ ಬಿಸಿಯಲ್ಲಿ ದ್ರವವಾಗಿಯೇ ಇರುವ ಲವಣ. ಮೊದಲಿನ ಮಿಶ್ರಣದಲ್ಲಿ ಡೆಕೇನ್ ಎಂಬ ಎಣ್ಣೆಯಂಥ ಹೈಡ್ರೋಕಾರ್ಬನ್ ಸಂಪೂರ್ಣ ಬೆರೆತಿರುತ್ತದೆ. ಅನಿಲ ಹಾಯಿಸಿದ ಮೇಲೆ ಅದೇ ಡೆಕೇನ್ ಹೊರದಬ್ಬಲ್ಪಟ್ಟು ಮೇಲೆ ಬೇರೆ ಪದರವಾಗಿ ನಿಲ್ಲುತ್ತದೆ. ನೈಟ್ರೋಜನ್ ಹಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಎಲ್ಲವೂ ಮೊದಲಿನಂತೆ.

ಪ್ರಯೋಗಶಾಲೆಯಲ್ಲಿ ಇದು ಚೆಂದ. ಕಾರ್ಖಾನೆಗೆ ಒಯ್ದರೆ ತೊಡಕು ಕಾಣಿಸುತ್ತದೆ: ತೇವ. ಡಿಬಿಯುಗೆ ಸ್ವಲ್ಪ ನೀರು ಸೋಕಿದರೂ ಇಂಗಾಲದ ಡೈಆಕ್ಸೈಡಿನ ಜೊತೆ ಸೇರಿ ಬಿಳಿ ಬೈಕಾರ್ಬೊನೇಟ್ ಪುಡಿ ಕೂರುತ್ತದೆ. ಎಲ್ಲವನ್ನೂ ಒಣಗಿಸಿ ಇಡಬೇಕೆಂದರೆ ಮತ್ತೆ ಶಾಖದ ಖರ್ಚು. ಆ ಗುಂಪು ಮುಂದೆ ಮಾಡಿದ ಕೆಲಸ ನನಗೆ ಇನ್ನೂ ಹೆಚ್ಚು ಮೆಚ್ಚುಗೆಯದು. ನೀರನ್ನು ದೂರ ಇಡುವ ಬದಲು ಅದನ್ನೇ ಆಟಕ್ಕೆ ಸೇರಿಸಿಕೊಂಡರು. 2010ರ ಹೊತ್ತಿಗೆ, ನೀರಿನೊಡನೆ ಬೆರೆಯದ ಆದರೆ ಇಂಗಾಲದ ಡೈಆಕ್ಸೈಡ್ ಹಾಯಿಸಿದ ನೀರಿನಲ್ಲಿ ಪೂರ್ತಿ ಬೆರೆಯುವ ದ್ರಾವಕಗಳು ಬಂದವು. ಮೊದಲನೆಯದು ಅಮಿಡೀನ್ ಎಂಬ ವರ್ಗದ ಒಂದು ಪ್ರತ್ಯಾಮ್ಲ. ಅದನ್ನು ಬಳಸಿ, ಅವಲಕ್ಕಿಯಂತೆ ಚಪ್ಪಟೆ ಮಾಡಿದ ಸೋಯಾ ಕಾಳಿನಿಂದ ಎಣ್ಣೆ ತೆಗೆದು ತೋರಿಸಿದರು. ಬೇಗನೆ ಅದಕ್ಕಿಂತ ಸರಳವಾದ, ಅಂಗಡಿಯಲ್ಲೇ ಸಿಗುವ ಅಮೀನ್‌ಗಳು ಸಾಕೆಂದು ಗೊತ್ತಾಯಿತು. ಅವುಗಳಲ್ಲಿ ಹೆಸರಾದದ್ದು ಡೈಮೀಥೈಲ್‌ಸೈಕ್ಲೋಹೆಕ್ಸಿಲ್‌ಅಮೀನ್. ಪಾಲಿಯುರಿಥೇನ್ ಫೋಮ್ ಮಾಡುವವರು ವೇಗವರ್ಧಕವಾಗಿ ಇದನ್ನು ಬಳಸುತ್ತಲೇ ಇದ್ದಾರೆ. ಉದ್ದ ಹೆಸರು, ಇಂದಿನ ಮಟ್ಟಿಗೆ 'ನಮ್ಮ ಅಮೀನ್' ಎನ್ನೋಣ.

ಉದ್ದನೆಯ ಗಾಜಿನ ಸಿಲಿಂಡರಿನಲ್ಲಿ ಅರ್ಧ ನೀರು, ಅರ್ಧ ನಮ್ಮ ಅಮೀನ್ ಇದೆ ಎಂದುಕೊಳ್ಳಿ. ಅಮೀನ್ ಹಗುರ, ಮೇಲಿನ ಪದರ ಅದರದು. ನಡುವೆ ಗೆರೆ ಎಳೆದ ಹಾಗೆ ಗಡಿ. ತಳದವರೆಗೆ ಕೊಳವೆ ಇಳಿಸಿ, ಅದರ ತುದಿಯ ಸಣ್ಣ ರಂಧ್ರಗಳ ಗಾಜಿನ ಬಿಲ್ಲೆಯಿಂದ ಇಂಗಾಲದ ಡೈಆಕ್ಸೈಡನ್ನು ನವಿರು ಗುಳ್ಳೆಗಳಾಗಿ ಬಿಡುತ್ತೇವೆ. ಗಡಿ ಮೊದಲು ಮಸುಕಾಗುತ್ತದೆ, ಕೆಳಗಿಳಿಯುವ ಅಮೀನಿನಿಂದ ಗಡಿಯ ಹತ್ತಿರ ನೀರು ಅಲೆಅಲೆಯಾಗಿ ಕಾಣುತ್ತದೆ, ಮೇಲಿನ ಪದರ ಕರಗುತ್ತಾ ಬಂದು ಕೊನೆಗೆ ಸಿಲಿಂಡರಿನಲ್ಲಿ ಒಂದೇ ದ್ರವ. ಅಮೀನಿನ ನೈಟ್ರೋಜನ್ ನೀರಿನಿಂದ ಒಂದು ಪ್ರೋಟಾನ್ ಪಡೆದು ಧನ ಅಯಾನಾಗಿದೆ, ಅದಕ್ಕೆ ಜೋಡಿಯಾಗಿ ಬೈಕಾರ್ಬೊನೇಟ್ ನಿಂತಿದೆ. ಆಮೇಲೆ ಸುಮಾರು 60 ಡಿಗ್ರಿಗೆ ಬಿಸಿ ಮಾಡಿ ಮಾಮೂಲಿ ಗಾಳಿ ಹಾಯಿಸಿದರೆ ಗಡಿ ಮತ್ತೆ ಮೂಡುತ್ತದೆ. ಗಾಳಿಯಲ್ಲೂ ಇಂಗಾಲದ ಡೈಆಕ್ಸೈಡ್ ಇದೆಯಲ್ಲ ಎಂದು ಯಾರಾದರೂ ಕೇಳುವುದು ಸಹಜ. ಇದೆ, ಹತ್ತು ಲಕ್ಷ ಭಾಗಕ್ಕೆ 420 ಭಾಗಕ್ಕಿಂತ ತುಸು ಹೆಚ್ಚು. ಹವಾಮಾನಕ್ಕೆ ಅದು ಬಹಳ ಜಾಸ್ತಿ, ಈ ದ್ರಾವಕವನ್ನು ನೀರಿನಲ್ಲಿ ಹಿಡಿದಿಡಲು ತೀರಾ ಕಡಿಮೆ.

ಎಣ್ಣೆ ತೆಗೆಯುವಾಗ ಈ ಸಿಲಿಂಡರ್ ಹೇಗೆ ಒದಗುತ್ತದೆ ನೋಡಿ. ಕಾಳಿನ ಎಣ್ಣೆ ಅಮೀನಿನಲ್ಲಿ ಕರಗುತ್ತದೆ. ಆ ದ್ರಾವಣವನ್ನು ಸೋಡಾ ನೀರಿನ ಜೊತೆ ಕೂಡಿಸಿ ಅನಿಲ ಹಾಯಿಸಿದರೆ ಅಮೀನ್ ನೀರಿಗೆ ಇಳಿದುಬಿಡುತ್ತದೆ. ಎಣ್ಣೆ ಒಂಟಿಯಾಗಿ ಮೇಲೆ ತೇಲುತ್ತದೆ. ಬಟ್ಟಿ ಇಳಿಸುವ ಗೋಪುರದ ಹಂಗಿಲ್ಲ.

ಯಾವ ಅಮೀನ್ ಬೇಕಾದರೂ ಈ ಕೆಲಸಕ್ಕೆ ಆಗುತ್ತದೆಯೇ? ಇಲ್ಲ. ಇಲ್ಲಿ ಜೆಸಪ್ ಗುಂಪು ಹತ್ತಾರು ಅಮೀನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ ಎರಡು ಅಳತೆಗೋಲು ಕೊಟ್ಟಿದೆ. ಒಂದು, ಅಮೀನಿಗೆ ಸಾಕಷ್ಟು ಪ್ರತ್ಯಾಮ್ಲ ಬಲ ಬೇಕು: ಆ ಬಲವನ್ನು ಅಳೆಯುವ ಪಿಕೆಎ ಎಂಬ ಸಂಖ್ಯೆ ಸುಮಾರು 9.5ಕ್ಕಿಂತ ಮೇಲಿರಬೇಕು. ಇಂಗಾಲದ ಡೈಆಕ್ಸೈಡ್ ದುರ್ಬಲ ಆಮ್ಲ. ಸೋಡಾ ನೀರಿನ ಪಿಎಚ್ ಸಾಮಾನ್ಯ ಒತ್ತಡದಲ್ಲಿ 4ರ ಹತ್ತಿರಕ್ಕೆ ಇಳಿದು ನಿಲ್ಲುತ್ತದೆ. ಇನ್ನೊಂದು, ಎಣ್ಣೆಯ ಕಡೆಗೂ ನೀರಿನ ಕಡೆಗೂ ಇರುವ ಒಲವಿನ ಹದ. ಎಣ್ಣೆಯ ಬದಲಿಗೆ ಅಳತೆಗೆಂದು ಬಳಸುವ ಆಕ್ಟನಾಲ್ ಎಂಬ ದ್ರವ ಮತ್ತು ನೀರಿನ ನಡುವೆ ಹಂಚಿದರೆ ಅಮೀನ್ ಆಕ್ಟನಾಲಿನಲ್ಲಿ ಸುಮಾರು 16 ಪಟ್ಟಿನಿಂದ 300 ಪಟ್ಟಿನವರೆಗೆ ಹೆಚ್ಚಿರಬೇಕು. ಅದಕ್ಕಿಂತ ಕಡಿಮೆಯಾದರೆ ಅನಿಲವಿಲ್ಲದೆಯೂ ನೀರಿನಲ್ಲಿ ಬೆರೆತುಹೋಗುತ್ತದೆ, ಹೆಚ್ಚಾದರೆ ಎಷ್ಟು ಅನಿಲ ಹಾಯಿಸಿದರೂ ನೀರಿಗೆ ಬರುವುದೇ ಇಲ್ಲ. ಪ್ರತ್ಯಾಮ್ಲದ ಬಲ ಜಾಸ್ತಿಯಾದಷ್ಟೂ ಒಳ್ಳೆಯದು ಎಂದೂ ಅಂದುಕೊಳ್ಳಬಾರದು. ಬಲವಾದದ್ದು ಇಂಗಾಲದ ಡೈಆಕ್ಸೈಡನ್ನು ತಟ್ಟನೆ ಹಿಡಿಯುತ್ತದೆ, ಆಮೇಲೆ ಬಿಡಲು ಒಪ್ಪುವುದಿಲ್ಲ, ಬಿಡಿಸಲು ಶಾಖ ಸುರಿಯಬೇಕಾಗುತ್ತದೆ. ಉಳಿಸಹೊರಟ ಶಾಖ ಇನ್ನೊಂದು ಬಾಗಿಲಿನಿಂದ ಖರ್ಚಾಗುತ್ತದೆ.

ಒಂದು ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ನಮ್ಮ ಅಮೀನ್ 1 ಲೀಟರ್ ಅಂದರೆ ಸುಮಾರು 850 ಗ್ರಾಂ. ಅದರ ಅಣುತೂಕ 127. ಅಲ್ಲಿಗೆ 6.7 ಮೋಲ್. ಅಷ್ಟೇ ಮೋಲ್ ಇಂಗಾಲದ ಡೈಆಕ್ಸೈಡ್ ಬೇಕು, ಎಂದರೆ ಸುಮಾರು 295 ಗ್ರಾಂ, ಕೋಣೆಯ ಬಿಸಿಯಲ್ಲಿ 160 ಲೀಟರಿಗೂ ಹೆಚ್ಚು ಅನಿಲ. 25 ಡಿಗ್ರಿಯಲ್ಲಿ ಸಾಮಾನ್ಯ ಒತ್ತಡದ 1 ಲೀಟರ್ ನೀರು ಒಂದು ಹೊತ್ತಿಗೆ ಹಿಡಿದುಕೊಳ್ಳುವುದು ಸುಮಾರು ಒಂದೂವರೆ ಗ್ರಾಂ ಮಾತ್ರ. ಅಮೀನ್ ಹೀರಿಕೊಂಡಂತೆಲ್ಲ ಅನಿಲ ಗುಳ್ಳೆಯಿಂದ ನೀರಿಗೆ ದಾಟುತ್ತಲೇ ಇರಬೇಕು. ಇಡೀ ತಂತ್ರದ ವೇಗ ನಿಂತಿರುವುದು ಈ ದಾಟುವಿಕೆಯ ಮೇಲೆ. ಪುಟ್ಟ ಶೀಶೆಯಲ್ಲಿ ಚುರುಕಾಗಿ ನಡೆದದ್ದು ದೊಡ್ಡ ತೊಟ್ಟಿಯಲ್ಲಿ ನಿಧಾನವಾಗುವುದು ಇದೇ ಕಾರಣಕ್ಕೆ.

ಇನ್ನು ಸರ್ಫ್ಯಾಕ್ಟೆಂಟ್‌ಗಳು, ಅಂದರೆ ಸೋಪಿನ ಜಾತಿಯವು. ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಎಣ್ಣೆ. ಇವು ಎಣ್ಣೆಯ ಹನಿಗಳನ್ನು ಸುತ್ತುವರಿದು ನೀರಿನಲ್ಲಿ ತೇಲಿಸಿಡುತ್ತವೆ. ಹೀಗೆ ನಿಂತ ಮಿಶ್ರಣವೇ ಎಮಲ್ಷನ್. ಎಷ್ಟೋ ಕೆಲಸಗಳಲ್ಲಿ ಎಮಲ್ಷನ್ ಸ್ವಲ್ಪ ಹೊತ್ತು ಮಾತ್ರ ಬೇಕು. ವೆನಿಜುವೆಲಾ ಒಂದು ಕಾಲಕ್ಕೆ ಒರಿಮಲ್ಷನ್ ಎಂಬ ಇಂಧನ ಮಾರುತ್ತಿತ್ತು; ಶೇ 70ರಷ್ಟು ಬಿಟುಮೆನ್ ಹನಿಗಳನ್ನು ಶೇ 30ರಷ್ಟು ನೀರಿನಲ್ಲಿ ತೇಲಿಸಿ, ಡಾಂಬರಿನಂಥದ್ದನ್ನು ಪಂಪ್ ಮಾಡುವಷ್ಟು ತೆಳುವಾಗಿಸುತ್ತಿದ್ದರು. ಇಂಥ ಕಡೆ ಸಾಗಿಸುವವರೆಗೆ ಎಮಲ್ಷನ್ ಬೇಕು. ಮುಟ್ಟಿದ ಮೇಲೆ ಎಣ್ಣೆಯೇ ಬೇಕೆಂದರೆ ಅದು ಒಡೆಯಬೇಕು. ಮಾಮೂಲಿ ಸೋಪು ಮಾತು ಕೇಳುವುದಿಲ್ಲ, ಅಂಟಿಕೊಂಡೇ ಇರುತ್ತದೆ.

2006ರಲ್ಲಿ ಜೆಸಪ್, ಅದೇ ವಿಶ್ವವಿದ್ಯಾಲಯದ ಮೈಕೆಲ್ ಕನ್ನಿಂಗ್‌ಹ್ಯಾಮ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಉದ್ದ ಬಾಲದ ಅಮಿಡೀನ್‌ಗಳನ್ನು ವಿವರಿಸಿದರು. ಇಂಗಾಲದ ಡೈಆಕ್ಸೈಡ್ ಇದ್ದರೆ ಅವುಗಳ ತಲೆಗೆ ವಿದ್ಯುದಾವೇಶ ಬಂದು ಸೋಪಿನಂತೆ ಕೆಲಸ ಮಾಡುತ್ತವೆ, ಎಮಲ್ಷನ್ ನಿಲ್ಲುತ್ತದೆ. 65 ಡಿಗ್ರಿಯಲ್ಲಿ ನೈಟ್ರೋಜನ್, ಆರ್ಗಾನ್ ಅಥವಾ ಗಾಳಿ ಹಾಯಿಸಿದರೆ ಆವೇಶ ಹೋಗಿ ಎಮಲ್ಷನ್ ಒಡೆಯುತ್ತದೆ. ಆವೇಶ ಕಳೆದುಕೊಂಡ ಅಮಿಡೀನ್ ಕಚ್ಚಾತೈಲದ ಎಮಲ್ಷನ್ ಒಡೆಯಲು ತಾನೇ ನೆರವಾಗುತ್ತದೆ ಎನ್ನುವುದನ್ನೂ ಅವರು ಕಂಡರು. ಇದೇ ಎಳೆಯಲ್ಲಿ ಪೇಂಟು, ಅಂಟುಗಳಿಗೆ ಬೇಕಾದ ಲೇಟೆಕ್ಸ್‌ಗಳ ಕೆಲಸ ಬೆಳೆಯಿತು. ನೀರಿನಲ್ಲಿ ತೇಲುವ ಪಾಲಿಮರ್ ಕಣಗಳನ್ನು ಉಪ್ಪು ಸುರಿಯದೆ ಮೊಸರಿನಂತೆ ಗಟ್ಟಿಗೊಳಿಸಿ ಬೇರೆ ಮಾಡಬಹುದು, ಬೇಕಾದಾಗ ಇಂಗಾಲದ ಡೈಆಕ್ಸೈಡ್ ಕೊಟ್ಟು ಮತ್ತೆ ನೀರಿನಲ್ಲಿ ಹರಡಬಹುದು. ಚೀನಾದಲ್ಲಿ ಫೆಂಗ್ ಯುಜುನ್ ಅವರ ಗುಂಪು ಇನ್ನೊಂದು ದಿಕ್ಕು ಹಿಡಿಯಿತು. ಶಾಂಪೂಗಳಲ್ಲಿರುವ ಸೋಡಿಯಂ ಡೊಡೆಸಿಲ್ ಸಲ್ಫೇಟ್‌ಗೆ ಎರಡು ಅಮೀನ್ ತುದಿಗಳಿರುವ ಒಂದು ಚಿಕ್ಕ ಅಣು ಬೆರೆಸಿ, ಇಂಗಾಲದ ಡೈಆಕ್ಸೈಡ್ ಹಾಯಿಸಿದಾಗ ನೀರಿನಂಥ ದ್ರಾವಣ ಲೋಳೆಯಂತೆ ಗಟ್ಟಿಯಾಗುವುದನ್ನು 2013ರಲ್ಲಿ ತೋರಿಸಿತು. ಗಾಳಿ ಹಾಯಿಸಿದರೆ ಮತ್ತೆ ನೀರು.

ಹಾಗಾದರೆ ಇದನ್ನು ಎಲ್ಲಿ ಬಳಸಬೇಕು? ಈ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ನೀರು ಮೊದಲೇ ಇರುವ ಕಡೆ. ಒಂದು ಕೆಜಿ ನೀರನ್ನು ಆವಿ ಮಾಡಲು ಸುಮಾರು 2,257 ಕಿಲೋಜೌಲ್ ಬೇಕು, ಒಂದು ಕೆಜಿ ಹೆಕ್ಸೇನಿಗೆ ಅದರ ಸುಮಾರು ಏಳನೆಯ ಒಂದು ಭಾಗದಷ್ಟು ಸಾಕು. ಒಣ ತೌಡು, ಒಣ ಸೋಯಾಗಳಲ್ಲಿ ಹೆಕ್ಸೇನನ್ನು ಸೋಲಿಸುವುದು ಕಷ್ಟ. ಅದು ಅಗ್ಗ, ಬೇಗ ಹಾರುತ್ತದೆ, ದಶಕಗಳ ಅನುಭವ ಅದರ ಬೆನ್ನಿಗಿದೆ. ಪಾಚಿಯ ವಿಷಯ ಬೇರೆ. ಕೊಳದಿಂದ ತೆಗೆದ ಪಾಚಿಯ ಬಹುಭಾಗ ನೀರೇ. ಎಣ್ಣೆ ತೆಗೆಯುವ ಮುನ್ನ ಅದನ್ನು ಒಣಗಿಸಹೊರಟರೆ, ಸಿಗುವ ಎಣ್ಣೆಯ ಶಕ್ತಿಯ ದೊಡ್ಡ ಪಾಲು ಅಲ್ಲೇ ಕರಗಿಹೋಗುತ್ತದೆ. ಒದ್ದೆ ಪಾಚಿಯಿಂದ ನೇರವಾಗಿ ಎಣ್ಣೆ ಎಳೆಯುವ ಕೆಲಸವನ್ನು ಇಟಲಿಯ ಬೊಲೋನ್ಯಾ ಮತ್ತು ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯಗಳ ತಂಡಗಳು ಇಂಥ ಅಮೀನ್‌ಗಳಿಂದ ಮಾಡಿವೆ. ಕೆನಡಾದ ಆಲ್ಬರ್ಟಾದಲ್ಲಿ ಎಣ್ಣೆಮರಳು ಇದೆ. ಅದರಿಂದ ಬಿಟುಮೆನ್ ತೆಗೆಯಲು ಬಿಸಿನೀರು ಬಳಸಿ, ಕೊಳಕು ನೀರನ್ನು ಹರವಾದ ಕೊಳಗಳಲ್ಲಿ ನಿಲ್ಲಿಸಿಕೊಂಡಿದ್ದಾರೆ. ನಮ್ಮ ಅಮೀನಿನಿಂದ ಆ ಮರಳನ್ನು ತೊಳೆದು, ಸೋಡಾ ನೀರಿನಿಂದ ಅಮೀನನ್ನು ಹಿಂಪಡೆಯುವ ವಿಧಾನವನ್ನು ಜೆಸಪ್ ಗುಂಪು 2012ರಲ್ಲಿ ಪ್ರಕಟಿಸಿತು.

ಥರ್ಮಾಕೋಲ್ ಬಗ್ಗೆಯೂ ಹೇಳಲೇಬೇಕು. ಅದರ ಗಾತ್ರದಲ್ಲಿ ಬಹುಪಾಲು ಗಾಳಿ. ಗುಜರಿಯವರು ಅದನ್ನು ಮುಟ್ಟದಿರುವುದು ಲಾರಿ ತುಂಬಿದರೂ ತೂಕ ಬಾರದೆಂದು. ನಮ್ಮ ಅಮೀನಿನಲ್ಲಿ ಅದು ಗಾಳಿ ಬಿಟ್ಟು ಕುಸಿದು ಕರಗುತ್ತದೆ. ಆ ದ್ರಾವಣಕ್ಕೆ ಸೋಡಾ ನೀರು ಕೂಡಿಸಿದರೆ ಅಮೀನ್ ನೀರಿಗೆ ಹೋಗಿ ಪಾಲಿಸ್ಟೈರೀನ್ ಬೇರೆಯಾಗುತ್ತದೆ. ಹಾಲು, ಹಣ್ಣಿನ ರಸದ ಪದರಪದರದ ಪೊಟ್ಟಣಗಳ ಪ್ಲಾಸ್ಟಿಕ್‌ನಿಂದ ಅಲ್ಯೂಮಿನಿಯಂ ಬಿಡಿಸುವುದನ್ನೂ ಬೊಲೋನ್ಯಾದವರು ಇದೇ ಬಗೆಯ ದ್ರಾವಕದಿಂದ ಮಾಡಿದ್ದಾರೆ.

ಕೊಳಕು ನೀರಿನಿಂದ ಒಳ್ಳೆಯ ನೀರನ್ನು ಎಳೆಯುವ ಕೆಲಸವೂ ಇದೆ. ಟ್ರೈಮೀಥೈಲ್‌ಅಮೀನ್ ಕೆಟ್ಟ ಮೀನಿನ ವಾಸನೆಯ ಅನಿಲ. ನೀರು ಮತ್ತು ಇಂಗಾಲದ ಡೈಆಕ್ಸೈಡಿನ ಜೊತೆ ಸೇರಿದರೆ ಅದು ಗಾಢ ಲವಣದ್ರಾವಣವಾಗಿ, ಪೊರೆಯ ಆಚೆಗಿನ ಕೊಳಕು ನೀರಿನಿಂದ ನೀರನ್ನಷ್ಟೇ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆಮೇಲೆ ಹದವಾಗಿ ಬಿಸಿ ಮಾಡಿದರೆ ಎರಡೂ ಅನಿಲಗಳು ಹಾರಿ ನೀರು ಉಳಿಯುತ್ತದೆ. ಒಂಟಾರಿಯೊದ ಫಾರ್ವರ್ಡ್ ವಾಟರ್ ಟೆಕ್ನಾಲಜೀಸ್ ಕಂಪನಿ ಕಟ್ಟಿಕೊಂಡಿರುವುದು ಇದರ ಮೇಲೆ.

ಪ್ರಶ್ನೆಗಳಿಗೆ ಬರುತ್ತೇನೆ.

ಹಿರಿಯರೊಬ್ಬರು ಕೇಳಿದರು: "ಇದರಿಂದ ವಾತಾವರಣದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆಯೇ?" ಇಲ್ಲ ಸರ್. ಸಿಲಿಂಡರಿನ ಒಳಗೆ ಹೋದ 295 ಗ್ರಾಂ ಪೂರ್ತಿ ಹೊರಗೂ ಬರುತ್ತದೆ. ಲಾಭವೇನಿದ್ದರೂ ಬಟ್ಟಿ ಇಳಿಸಲು ಉರಿಸಬೇಕಿದ್ದ ಇಂಧನ ಉಳಿದರೆ ಅದರಿಂದ. ಹೆಸರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆಯೆಂದು ಇದನ್ನು ಹವಾಮಾನದ ಮದ್ದೆಂದು ಮಾರುವವರಿದ್ದರೆ ದಯವಿಟ್ಟು ನಂಬಬೇಡಿ. ಇದರ ದಾಯಾದಿಯಾದ ತಂತ್ರ ಮಾತ್ರ ಆ ಕೆಲಸಕ್ಕೆ ಹೊರಟಿದೆ. ಹೆಲ್ಡೆಬ್ರ್ಯಾಂಟ್ ಈಗ ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ, ನೀರಿನ ಅಂಶ ಬಹಳ ಕಡಿಮೆಯಿರುವ ದ್ರಾವಕಗಳಿಂದ ವಿದ್ಯುತ್ ಸ್ಥಾವರದ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಹಿಡಿಯುವ ಕೆಲಸದಲ್ಲಿದ್ದಾರೆ.

ಗೃಹಿಣಿಯೊಬ್ಬರು ಕೇಳಿದ್ದು: "ಹೀಗೆ ತೆಗೆದ ಎಣ್ಣೆಯನ್ನು ಅಡುಗೆಗೆ ಬಳಸುತ್ತೀರಾ?" ಈಗಿರುವ ಅಮೀನ್‌ಗಳಿಂದ ತೆಗೆದದ್ದನ್ನು ಬಳಸುವುದಿಲ್ಲಮ್ಮಾ. ನಮ್ಮ ಅಮೀನ್ ನುಂಗಿದರೂ ಚರ್ಮಕ್ಕೆ ತಾಗಿದರೂ ವಿಷ, ಅಮೋನಿಯಾದ ಘಾಟು ಬೇರೆ, ಬೆಂಕಿಯೂ ಹತ್ತುತ್ತದೆ. ಸಂಸ್ಕರಿಸಿದ ಸಾಲ್ವೆಂಟ್ ಎಣ್ಣೆಯಲ್ಲಿ ಹೆಕ್ಸೇನ್ ಹತ್ತು ಲಕ್ಷಕ್ಕೆ 5 ಭಾಗ ಮೀರಬಾರದೆಂದು ನಮ್ಮ ದೇಶದ ಆಹಾರ ನಿಯಮ ಇದೆ. ಅಂಥ ಕಟ್ಟುನಿಟ್ಟಿನ ಮಟ್ಟಕ್ಕೆ ಈ ಅಮೀನ್‌ಗಳನ್ನು ತೊಳೆದು ಇಳಿಸುವುದು ಸುಲಭವಲ್ಲ.

ಕೊನೆಯ ಪ್ರಶ್ನೆ ಎಂ.ಎಸ್ಸಿ. ಓದುತ್ತಿರುವ ಹುಡುಗಿಯದು. "ಸರ್, ನಾನು ಇದರಲ್ಲೇ ಪ್ರಾಜೆಕ್ಟ್ ಮಾಡಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡಲಿ?" ಹೊಸ ಅಮೀನ್ ತಯಾರಿಸಲು ಹೋಗಬೇಡಮ್ಮಾ, ಅವು ಬೇಕಾದಷ್ಟಿವೆ ಎಂದೆ. ಈಗಿರುವ ಒಂದನ್ನು ತೆಗೆದುಕೊಂಡು ಹತ್ತು ಸುತ್ತು ನಡೆಸು. ಪ್ರತಿ ಸುತ್ತಿನ ಕೊನೆಗೆ ಎಣ್ಣೆಯಲ್ಲಿ ಎಷ್ಟು ಅಮೀನ್ ಉಳಿಯಿತು, ನೀರಿನಲ್ಲಿ ಎಷ್ಟು ಉಳಿಯಿತು, ಹಾಯಿಸಿದ ಗಾಳಿಯ ಜೊತೆ ಎಷ್ಟು ಹಾರಿಹೋಯಿತು ಎನ್ನುವುದನ್ನು ಗ್ಯಾಸ್ ಕ್ರೊಮಾಟೊಗ್ರಾಫ್‌ನಲ್ಲಿ ಅಳೆದು ಬರೆದಿಡು. ಮೂರನ್ನೂ ಕೂಡಿಸಿ ಕೈಯಲ್ಲಿ ಉಳಿದದ್ದಕ್ಕೆ ಸೇರಿಸಿದರೆ ಹಾಕಿದ ಅಮೀನಿನ ಲೆಕ್ಕಕ್ಕೆ ತಾಳೆಯಾಗಬೇಕು. ಎಣ್ಣೆ ಎಷ್ಟು ಬಂತೆಂದು ಹೇಳುವ ಪ್ರಬಂಧಗಳು ಸಾಕಷ್ಟು ಸಿಗುತ್ತವೆ. ಕಾರ್ಖಾನೆ ಕಟ್ಟುವವನು ಮೊದಲು ಕೇಳುವುದು ಈ ತಾಳೆಪಟ್ಟಿಯನ್ನು.